ರೊವೇನಾಳ ರಟ್ಟಿನ ಪೆಟ್ಟಿಗೆ

ಮೊದಲು ಕಾಣೆಯಾದದ್ದು ಗಂಧದ ಸೋಪು. ಮೂರರ ಕಟ್ಟು ತಂದು ಬಚ್ಚಲಿನ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳು ಶಾಮಲಾ. ಒಂದನ್ನು ಒಡೆದದ್ದು ಚೆನ್ನಾಗಿ ನೆನಪಿತ್ತು. ಉಳಿದೆರಡು ಇರಬೇಕಿತ್ತು, ಇರಲಿಲ್ಲ. ಸೋಪಿಗೇನು, ಹೋಗಲಿ ಎಂದುಕೊಂಡಳು. ಆಮೇಲೆ ಟೂತ್‌ಪೇಸ್ಟು. ಆಮೇಲೆ ಗೌರಿ ಹಬ್ಬಕ್ಕೆ ಯಾರೋ ಕೊಟ್ಟಿದ್ದ, ಇನ್ನೂ ಮಡಿಕೆ ಬಿಚ್ಚದ ಎರಡು ಟವೆಲ್ಲು. ಹಳೆ ಬಟ್ಟೆಗೆ ಪಾತ್ರೆ ಕೊಡುವ ಭಾಂಡಿವಾಲಿಗೆ ಹಾಕಿ ಒಂದು ಸ್ಟೀಲಿನ ಡಬ್ಬಿಯನ್ನಾದರೂ ತೆಗೆದುಕೊಳ್ಳೋಣವೆಂದು ತೆಗೆದಿಟ್ಟಿದ್ದ ಗಂಡನ ಹಳೆಯ ಶರಟುಗಳ ಗಂಟೂ ಒಂದು ದಿನ ಇದ್ದ ಜಾಗದಲ್ಲಿ ಇರಲಿಲ್ಲ.

ಘಾಟ್ಕೋಪರಿನ ಆ ಎರಡು ಕೋಣೆಯ ಮನೆಯಲ್ಲಿ ಇದ್ದವರು ಇಬ್ಬರೇ, ಶಾಮಲಾ ಮತ್ತು ಅವಳ ಸೊಸೆ ರೊವೇನಾ. ಕೆಲಸದವಳನ್ನು ಅನುಮಾನಿಸೋಣವೆಂದರೆ ಆಕೆ ಹದಿನೆಂಟು ವರ್ಷದಿಂದ ಒಂದು ಚಮಚ ಅತ್ತಿತ್ತ ಮಾಡಿದವಳಲ್ಲ.

ಮಗ ತುಷಾರ್ ಹಡಗಿನಲ್ಲಿ ಎಂಜಿನಿಯರ್. ಅದೇ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಫಿಲಿಪ್ಪೀನ್ಸ್ ದೇಶದ ಹುಡುಗನೊಬ್ಬನ ತಂಗಿಯನ್ನು ಎಲ್ಲೋ ಬಂದರಿನಲ್ಲಿ ಕಂಡ, ಮೆಚ್ಚಿದ, ಮದುವೆಯಾದ. ಆರು ತಿಂಗಳು ನೆಲದ ಮೇಲಿದ್ದು, ಹೆಂಡತಿಯನ್ನು ತಾಯಿಯ ಕೈಗೆ ಒಪ್ಪಿಸಿ ಮತ್ತೆ ನೀರಿಗಿಳಿದ. ಅವನು ಹೋದ ಮೇಲೆ ಒಂದೇ ಅಡುಗೆಮನೆಯಲ್ಲಿ ಎರಡು ದೇಶಗಳು ಎದುರುಬದುರಾಗಿ ನಿಂತವು.

ಹುಡುಗಿ ಕೆಟ್ಟವಳೆಂದು ಶಾಮಲಾ ಯಾರ ಹತ್ತಿರವೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ತಾನಾಗಿ ಹೊಸಿಲು ಒರೆಸುತ್ತಿದ್ದಳು. ತಿಳಿಸಾರು ಮಾಡಲು ಕಲಿತಿದ್ದಳು, ಹುಣಿಸೆಹಣ್ಣು ಮುಗಿದ ದಿನ ವಿನಿಗರ್ ಸುರಿದಳೆನ್ನುವುದು ಬೇರೆ ಮಾತು. ಮೀನು ತಿನ್ನಬೇಕೆನಿಸಿದರೆ ಜೋಗೇಶ್ವರಿಯಲ್ಲಿದ್ದ ತನ್ನ ಊರಿನ ಗೆಳತಿಯ ಮನೆಗೆ ಹೋಗಿ ತಿಂದು ಬರುತ್ತಿದ್ದಳು, ಬಂದವಳೇ ಸ್ನಾನ ಮಾಡಿಯೇ ಒಲೆಯ ಹತ್ತಿರ ಸುಳಿಯುತ್ತಿದ್ದಳು. ದೇವರ ಮನೆಗಂತೂ ಕೇಳದೆ ಕಾಲಿಟ್ಟವಳಲ್ಲ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಮೊಣಕೈ ಆಡಿಸುವುದನ್ನೂ, ತರಕಾರಿಯವನ ಹತ್ತಿರ ಮರಾಠಿಯಲ್ಲಿ ‘ಕಿತೀ ಮಹಾಗ್’ ಎಂದು ಬೆಲೆಗೆ ಮುಖ ಸಿಂಡರಿಸುವುದನ್ನೂ ಕಲಿತು ಬಂದು ಅತ್ತೆಯ ಮುಂದೆ ಮಾಡಿ ತೋರಿಸುತ್ತಿದ್ದಳು. ಇಷ್ಟಾದರೂ ಅವಳ ಮುಖ ಓದಲು ಶಾಮಲಾಳಿಗೆ ಬರುತ್ತಿರಲಿಲ್ಲ. ‘ಊಟ ಆಯಿತಾ’ ಎಂದರೆ ಬಾಯಿ ಬಿಡದೆ ಎರಡೂ ಹುಬ್ಬು ಮೇಲಕ್ಕೆತ್ತುವಳು. ಇದೆಂಥ ಸೊಕ್ಕು ಎಂದು ಎರಡು ತಿಂಗಳು ಉರಿದುಕೊಂಡ ಮೇಲೆ, ಅವರ ಕಡೆ ಹೌದು ಅನ್ನುವುದೇ ಹಾಗೆ ಎಂದು ಮಗ ಫೋನಿನಲ್ಲಿ ನಕ್ಕು ತಿಳಿಸಿದ. ತಿಳಿದ ಮೇಲೂ ಆ ಹುಬ್ಬು ಏರಿದಾಗಲೆಲ್ಲ ಶಾಮಲಾಳ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಪೆಟ್ಟಿಗೆಯ ಸುದ್ದಿ ತಂದವಳು ಕೆಲಸದವಳೇ. ಭಾಭಿಯ ಕೋಣೆಯಲ್ಲಿ ಮಂಚಕ್ಕೂ ಕಿಟಕಿಗೂ ನಡುವೆ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ ಇದೆ, ಮೇಲೆ ಚಾದರ ಹೊದಿಸಿದೆ, ಗುಡಿಸಲು ಆಗುತ್ತಿಲ್ಲ ಎಂದು ದೂರಿದಳು.

ಬುಧವಾರ ರೊವೇನಾ ಮಾಹಿಮಿನ ಚರ್ಚಿಗೆ ಹೋಗುವ ದಿನ. ಲಿಫ್ಟು ಇಳಿದ ಸದ್ದು ಕೇಳಿದ ಮೇಲೂ ಶಾಮಲಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ತನ್ನದೇ ಮನೆಯ ಕೋಣೆಗೆ ಕಳ್ಳಿಯ ಹಾಗೆ ಕಾಲಿಟ್ಟಳು. ಚಾದರ ತೆಗೆದಳು. ಸೋಪು ಅಲ್ಲಿತ್ತು. ಟವೆಲ್ಲು ಅಲ್ಲಿತ್ತು. ಮಕ್ಕಳ ಬೂಟು, ಚಾಕೊಲೇಟು, ತಲೆನೋವಿನ ಮುಲಾಮು, ಸ್ಟೀಲಿನ ಲೋಟಗಳು, ಒಂದರೊಳಗೊಂದು ತುರುಕಿದ ಪ್ಲಾಸ್ಟಿಕ್ ಡಬ್ಬಿಗಳು. ಗಂಡನ ಶರಟುಗಳು ಒಗೆದು ಇಸ್ತ್ರಿಯಾಗಿ, ಅವನು ಬದುಕಿದ್ದಾಗಲೂ ಕಾಣದ ಅಚ್ಚುಕಟ್ಟಿನಲ್ಲಿ ಮಡಿಸಿದ್ದವು. ಒಂದಿಂಚು ಜಾಗ ಪೋಲಾಗದಂತೆ, ಬೂಟಿನೊಳಗೆ ಕೂಡ ಕಾಲುಚೀಲ ತುಂಬಿ, ಯಾರೋ ಬಹಳ ದಿನದಿಂದ ಬಹಳ ಯೋಚಿಸಿ ಮಾಡಿದ ಕೆಲಸವಾಗಿತ್ತು ಅದು.

ಎಲ್ಲದರ ಕೆಳಗೆ, ಹಳೆಯ ಪಂಚೆಯಲ್ಲಿ ಸುತ್ತಿದ್ದ ಒಂದು ಗಂಟಿಗೆ ಕೈ ತಾಗಿತು. ಬಿಚ್ಚದೆಯೇ ಬೆರಳಿಗೆ ಗೊತ್ತಾಯಿತು. ಧಾರೆ ಸೀರೆ. ಮೈಸೂರಿಗೆ ಹೋಗಿ ಅರ್ಧ ದಿನ ಅಂಗಡಿಯಲ್ಲಿ ಕೂತು ಸೊಸೆಗೆಂದು ತಾನೇ ಆರಿಸಿದ್ದ ಅರಿಶಿನ ಬಣ್ಣದ ರೇಷ್ಮೆ.

ಶಾಮಲಾ ಮಂಚದ ಅಂಚಿಗೆ ಕೂತುಬಿಟ್ಟಳು. ಅವಳು ಹುಟ್ಟಿ ಬೆಳೆದ ಕಡೆ ವಸ್ತುಗಳು ಹರಿಯುವ ದಿಕ್ಕು ಒಂದೇ. ತವರಿನಿಂದ ಗಂಡನ ಮನೆಗೆ. ಹೆಣ್ಣುಮಗಳು ಬರಿಗೈಯಲ್ಲಿ ತವರಿಗೆ ಹೋಗಿ ತುಂಬಿದ ಕೈಯಲ್ಲಿ ಬರಬೇಕು. ಇಲ್ಲಿಂದ ಅಲ್ಲಿಗೆ ಹೊತ್ತವಳಿಗೆ ಒಳ್ಳೆಯ ಹೆಸರಿಲ್ಲ. ಅವಳು ಹೊಸದಾಗಿ ಮುಂಬಯಿಗೆ ಬಂದ ಕಾಲದಲ್ಲಿ ತವರೂರು ನಂಜನಗೂಡಿಗೆ ಹೊರಟರೆ ಅವಳ ಅತ್ತೆ, ‘ಚೀಲ ಭಾರ ಇದ್ಯೇನೋ, ನೋಡೋಣ’ ಎಂದು ಎತ್ತಿ ನೋಡಿಯೇ ಕಳಿಸುತ್ತಿದ್ದದ್ದು. ಮನೆ ತುಂಬಿಸಿಕೊಂಡ ದಿನ ಶಾಮಲಾಳೂ ರೊವೇನಾಳ ಕೈ ಹಿಡಿದು ಮನೆಯೆಲ್ಲ ತೋರಿಸಿ, ‘ಇದೆಲ್ಲಾ ಇನ್ಮೇಲೆ ನಿಂದೇ ಕಣಮ್ಮ’ ಎಂದಿದ್ದಳು. ಎಲ್ಲ ಅತ್ತೆಯರೂ ಆಡುವ ಮಾತು ಅದು. ಅದನ್ನು ನಂಬಿ ಕೈ ಹಾಕಿದ ಸೊಸೆಯನ್ನು ಮಾತ್ರ ಅವಳು ಕಂಡಿರಲಿಲ್ಲ.

ಸೋಪು ಟವೆಲ್ಲುಗಳನ್ನು ತವರಿಗೆ ಸಾಗಿಸುತ್ತಿದ್ದಾಳೆಂದರೆ ಆಸೆಬುರುಕಿ ಎಂದು ಬೈದು ಮರೆಯಬಹುದು. ಆದರೆ ಧಾರೆ ಸೀರೆ? ಅದನ್ನು ಹೆಣ್ಣು ಮನೆಯಿಂದ ಹೊರಗೆ ಹಾಕುವುದು ಒಂದೇ ಸಂದರ್ಭದಲ್ಲಿ, ಆ ಮನೆಗೆ ಮತ್ತೆ ಬರುವುದಿಲ್ಲ ಎಂದಾಗ. ಮಗ ನಡುನೀರಿನಲ್ಲಿದ್ದಾನೆ. ಅವನು ಬರುವುದರೊಳಗೆ ಇವಳು ಮನೆ ಖಾಲಿ ಮಾಡುತ್ತಿದ್ದಾಳೆ.

ಆ ಸಂಜೆ ತುಷಾರ್ ಫೋನು ಮಾಡಿದಾಗ, ಅವಳು ನಿಂಗೇನಾದ್ರೂ ಹೇಳಿದ್ಲಾ ಎಂದು ಸುತ್ತಿ ಬಳಸಿ ಕೇಳಿದಳು. ಏನಮ್ಮಾ, ಎಲ್ಲ ಸರಿ ಇದೆ ತಾನೇ ಎಂದ. ಅವನ ದನಿ ತೇಲಿ ಮುಳುಗಿ ಬರುತ್ತಿತ್ತು. ಅಷ್ಟು ದೂರದ ನೀರಿನ ಮೇಲಿರುವವನ ಎದೆಗೆ ಇದನ್ನು ಹಾಕುವುದು ಹೇಗೆ? ಎಲ್ಲ ಸರಿ ಇದೆ ಎಂದಳು.

ಹೇಳದೆ ಇರಲಾಗದ್ದನ್ನು ಎದುರು ಮನೆಯ ಗಂಗುಬಾಯಿಯ ಹತ್ತಿರ ಹೇಳಿದಳು. ಗಂಗುಬಾಯಿ ವಿಜಯಪುರದ ಕಡೆಯವಳು. ಗಂಡನಿಗೆ ಬಟ್ಟೆ ವ್ಯಾಪಾರ. ಅವಳ ಮೈದುನನ ಹೆಂಡತಿ ಒಂದು ದಿನ ಮೈಮೇಲಿನ ಬಂಗಾರದ ಸಮೇತ ಹೋದವಳು ತಿರುಗಿ ನೋಡಿರಲಿಲ್ಲ. ಅಂದಿನಿಂದ ಗಂಗುಬಾಯಿಗೆ ಯಾರ ಸೊಸೆ ಮಾರ್ಕೆಟ್ಟಿಗೆ ಹೋದರೂ ಅರ್ಧ ದಾರಿಯಲ್ಲಿ ಓಡಿಹೋಗುತ್ತಿದ್ದಾಳೆ ಎಂದೇ ಕಾಣುತ್ತಿತ್ತು.

“ಅಲ್ರೀ ಶಾಮಲಕ್ಕ, ಸೊಸಿ ಗಂಟು ಕಟ್ಟಾಕತ್ತಾಳ, ನೀವು ಸಾರಿಗೆ ಒಗ್ಗರಣಿ ಹಾಕ್ಕೋಂತ ಕುಂತೀರಿ,” ಎಂದಳು ಗಂಗುಬಾಯಿ. “ಸೆಪ್ಟೆಂಬರದಾಗ ಕ್ರಿಸ್‌ಮಸ್ ಹಾಡು ಹಚ್ಚತಾಳಲ್ಲ, ಆವಾಗ ನನಗ ಸಂಶೇ ಬಂದಿತ್ತು. ಆಕಿ ಮನಸು ಊರಿಗೆ ಹೋಗಿ ಮುಟ್ಟೇತಿ. ಮೈ ಅಷ್ಟ ಇಲ್ಲಿ ಐತಿ.”

“ಕೇಳಿಬಿಡ್ಲಾ ನೇರವಾಗಿ?”

“ಕೇಳಿದ್ರ ಹೇಳತಾಳೇನು? ಪಾಸ್‌ಪೋರ್ಟ ತಗದ ಇಟ್ಟಬಿಡ್ರಿ. ಅದಿಲ್ಲಾಂದ್ರ ವಿಮಾನದಾಗ ಯಾರೂ ಕುಂಡ್ರಿಸಿಕೊಳ್ಳಂಗಿಲ್ಲ. ಮಗ ಬಂದ ಮ್ಯಾಲ ಅವರವರು ನೋಡ್ಕೋಲಿ.”

ಛೀ, ಅಂಥ ಕೆಲಸ ಮಾಡುವುದೇ ಎಂದು ಶಾಮಲಾ ಎದ್ದು ಬಂದಳು. ಕೊನೆಗೆ ಅವಳಿಂದ ಅದನ್ನು ಮಾಡಿಸಿದ್ದು ಇಂಟರ್‌ಕಾಮ್. ಸೋಮವಾರ ರೊವೇನಾ ಸ್ನಾನಕ್ಕೆ ಹೋಗಿದ್ದಾಗ ಅದು ಬಡಿದುಕೊಂಡಿತು. ಜೋಗೇಶ್ವರಿಯ ಕಾರ್ಗೋದವನು ಬಂದು ಕೆಳಗೆ ನಿಂತಿದ್ದಾನೆ, ಟೇಪು ಕೊಟ್ಟು ಹೋಗುತ್ತಾನಂತೆ, ಶುಕ್ರವಾರ ಬೆಳಿಗ್ಗೆ ಮೇಡಮ್ಮಿನ ಸಾಮಾನು ಎತ್ತುತ್ತಾನಂತೆ ಎಂದು ವಾಚ್‌ಮನ್ ಹಿಂದಿಯಲ್ಲಿ ಒದರಿದ. ಶುಕ್ರವಾರ! ಶಾಮಲಾ ರಿಸೀವರು ಇಟ್ಟಳು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಡೆದೇ ಇತ್ತು. ಕೋಣೆಗೆ ಹೋಗಿ ಡ್ರಾಯರು ಎಳೆದಳು. ಕಂದುಗೆಂಪು ಬಣ್ಣದ ಆ ಪುಟ್ಟ ಪುಸ್ತಕ ಮೇಲೇ ಇತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಸೊಸೆ ಎಂದೂ ಕೈಯಿಡದ ಜಾಗದಲ್ಲಿ, ದೇವರ ಮನೆಯಲ್ಲಿ ಅರಿಶಿನ ಕುಂಕುಮದ ಬಟ್ಟಲುಗಳನ್ನಿಡುವ ಮರದ ಡಬ್ಬಿಯೊಳಗೆ ಇಟ್ಟಳು. ಇಟ್ಟು ಕೈಮುಗಿಯಲು ಹೋದಳು, ಕೈ ಕೂಡಲಿಲ್ಲ.

ಬುಧವಾರ ರೊವೇನಾ ಮಾಹಿಮಿಗೆ ಹೋಗಲಿಲ್ಲ. ಬೆಳಿಗ್ಗೆ ಕೋಣೆಯಲ್ಲಿ ಡ್ರಾಯರುಗಳು ತೆರೆದು ಮುಚ್ಚುವ ಸದ್ದು, ಆಮೇಲೆ ಮಂಚ ಎಳೆಯುವ ಸದ್ದು. ಮಧ್ಯಾಹ್ನದ ಹೊತ್ತಿಗೆ ಅವಳು ಹಾಲ್‌ಗೆ ಬಂದಳು. ತನ್ನ ಪಾಸ್‌ಪೋರ್ಟ್ ಕಾಣುತ್ತಿಲ್ಲ, ಅಮ್ಮ ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದಳು. ಇಂಗ್ಲಿಷಿನಲ್ಲಿ ಶುರು ಮಾಡಿ ಹಿಂದಿಗೆ ಹಾಯ್ದು ಕನ್ನಡದಲ್ಲಿ ಮುಗಿಸುವುದು ಅವಳ ರೀತಿ. ಅಂದು ಮೂರೂ ಭಾಷೆಗಳು ಒಂದರ ಕಾಲಿಗೊಂದು ತೊಡರುತ್ತಿದ್ದವು.

ಇಲ್ಲವಲ್ಲ ಎಂದಳು ಶಾಮಲಾ. ಅಷ್ಟಕ್ಕೇ ನಿಲ್ಲಲಿಲ್ಲ, ಹುಡುಕಲು ಜೊತೆಗೂಡಿದಳು. ಸೋಫಾದ ದಿಂಬುಗಳನ್ನು ಎತ್ತಿದಳು, ಬೀರುವಿನ ಹಿಂದೆ ಟಾರ್ಚು ಬಿಟ್ಟಳು, ಹಳೆಯ ಪೇಪರಿನ ಕಟ್ಟು ಬಿಚ್ಚಿದಳು. ತಾನೇ ಬಚ್ಚಿಟ್ಟದ್ದನ್ನು ತಾನೇ ಹುಡುಕುವಾಗ ಮೈ ಇಷ್ಟು ಚುರುಕಾಗಿ ಕೆಲಸ ಮಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಒಳಗೊಳಗೇ ಲೆಕ್ಕ ಹಾಕುತ್ತಲೂ ಇದ್ದಳು. ಇಷ್ಟು ದಿನ ಬೇಡದ ಪಾಸ್‌ಪೋರ್ಟು ಶುಕ್ರವಾರಕ್ಕೆ ಎರಡು ದಿನ ಇರುವಾಗ ಯಾಕೆ ಬೇಕಾಯಿತು? ನಾನು ಅಂದುಕೊಂಡದ್ದೇ ಸರಿ.

ರೊವೇನಾ ಅಕ್ಕಿಯ ಡಬ್ಬಕ್ಕೂ ಕೈ ಹಾಕಿ ನೋಡಿದಳು. ಕಸದ ಬುಟ್ಟಿಯನ್ನು ಪೇಪರಿನ ಮೇಲೆ ಸುರಿದು ಸಿಪ್ಪೆಗಳನ್ನು ಒಂದೊಂದಾಗಿ ಸರಿಸಿದಳು. ದೇವರ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಹುಡುಗಿ ಒಳಗೆ ಇಣುಕಿ, ಇಲ್ಲಿ ಹೇಗೆ ಬರುತ್ತದೆ ಎನ್ನುವಂತೆ ತಲೆಯಾಡಿಸಿ ಹಿಂದಿರುಗಿದಳು.

ಆಮೇಲೆ ಅಡುಗೆಮನೆಯ ನೆಲದ ಮೇಲೆ, ಸುರಿದ ಕಸದ ಪಕ್ಕದಲ್ಲೇ ಕೂತಳು. ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಬೇಕು ಎಂದಳು. ವಿದೇಶಿಯರ ಆಫೀಸಿಗೂ ಹೋಗಬೇಕು. ಅಲ್ಲಿಯವರು ಏನು ಕೇಳುತ್ತಾರೋ. ತುಷಾರ್ ಇಲ್ಲ. ಇಷ್ಟು ಹೇಳಿ ಅತ್ತೆಯ ಕಡೆ ನೋಡಿದಳು.

“ಅಮ್ಮಾ, ಅವರು ನನ್ನ ವಾಪಸ್ ಭೇಜ್ ದೇಂಗೇ? ನನ್ನ ಊರಿಗೆ ಕಳಿಸಿಬಿಡ್ತಾರಾ?”

ಶಾಮಲಾ ಒಲೆಯ ಮುಂದೆ ನಿಂತಿದ್ದಳು. ಬೇಳೆ ಉಕ್ಕುತ್ತಿತ್ತು. ನಾಟಕವಿರಬಹುದು ಎಂದು ಮನಸ್ಸು ಮೊದಲು ಹೇಳಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಹೋಗಲು ಹೊರಟವಳು ಕಳಿಸಿಬಿಡುತ್ತಾರೆಂದು ಹೆದರುತ್ತಾಳೆಯೇ? ಹುಡುಗಿಯ ಮುಖ ಬಿಳಿಚಿತ್ತು. ಉಗುರಿಗೆ ಸಿಪ್ಪೆಯ ಮಣ್ಣು ಹತ್ತಿತ್ತು. ಮೊದಲ ಸಲ ಆ ಮುಖವನ್ನು ಓದಲು ಯಾರ ಸಹಾಯವೂ ಬೇಕಾಗಲಿಲ್ಲ.

ಬೀರುವಿನ ಸಂದಿಯಲ್ಲಿ ಸಿಕ್ಕಿತು ಎನ್ನಬಹುದಿತ್ತು. ಒಲೆ ಆರಿಸಿ ದೇವರ ಮನೆಗೆ ನಡೆಯುವಾಗ ಆ ಸುಳ್ಳನ್ನು ನಾಲಗೆಯ ಮೇಲೆ ಸಿದ್ಧ ಮಾಡಿಕೊಂಡೇ ಹೋದಳು. ಡಬ್ಬಿಯ ಮುಚ್ಚಳ ತೆಗೆದರೆ, ಬಟ್ಟಲು ವಾಲಿ ಕುಂಕುಮ ಚೆಲ್ಲಿ ಪಾಸ್‌ಪೋರ್ಟಿನ ಹೊದಿಕೆಯ ಮೇಲಿದ್ದ ಬಂಗಾರದ ಅಕ್ಷರಗಳನ್ನೆಲ್ಲ ಮುಚ್ಚಿತ್ತು. ಸೆರಗಿನಿಂದ ಒರೆಸಿದಷ್ಟೂ ಹರಡಿತು. ಇನ್ನು ಬೀರುವಿನ ಮಾತು ಆಡುವಂತಿರಲಿಲ್ಲ. ಹಾಗೆಯೇ ತಂದು ಸೊಸೆಯ ಕೈಯಲ್ಲಿಟ್ಟಳು.

ರೊವೇನಾ ಹೊದಿಕೆ ನೋಡಿದಳು, ತನ್ನ ಬೆರಳಿಗಂಟಿದ ಕೆಂಪು ನೋಡಿದಳು, ದೇವರ ಮನೆಯ ಕಡೆ ನೋಡಿದಳು. ಎಲ್ಲ ಮುಗಿದ ಮೇಲೆ ಅತ್ತೆಯನ್ನು ನೋಡಿದಳು. ಯಾಕೆ ಎಂದು ಒಂದೇ ಮಾತು ಕೇಳಿದಳು.

“ಪೆಟ್ಟಿಗೆ ನೋಡ್ದೆ. ಧಾರೆ ಸೀರೆ ನೋಡ್ದೆ. ಶುಕ್ರವಾರ ಗಾಡಿ ಬರತ್ತೆ ಅಂದ್ರು,” ಎಂದಳು ಶಾಮಲಾ. “ನೀನು ಹೊರಟುಹೋಗ್ತೀಯ ಅಂದ್ಕೊಂಡೆ.”

ರೊವೇನಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಅಳುತ್ತಾಳೆಂದು ಶಾಮಲಾ ಕಾದಳು. ಅಳಲಿಲ್ಲ. ತೀರ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದಳು.

“ಹೋಗೋರು ಸೂಟ್‌ಕೇಸ್ ತಗೋತಾರೆ ಅಮ್ಮ. ಬಾಕ್ಸ್ ಕಳಿಸೋದು ಇಲ್ಲಿ ಇರೋರು.”

ಆಮೇಲೆ ಹೇಳಿದ್ದೆಲ್ಲ ತುಂಡು ತುಂಡಾಗಿ ಬಂತು. ಅವರ ದೇಶದಲ್ಲಿ ಮನೆಗೊಬ್ಬರು ಹೊರದೇಶದಲ್ಲಿರುತ್ತಾರೆ, ಹಡಗಿನಲ್ಲೋ ಆಸ್ಪತ್ರೆಯಲ್ಲೋ ಯಾರದೋ ಮನೆಯಲ್ಲೋ. ಹೋದವರು ಒಂದು ಪೆಟ್ಟಿಗೆ ತಂದಿಟ್ಟುಕೊಂಡು ತಿಂಗಳುಗಟ್ಟಲೆ ಒಂದೊಂದೇ ತುಂಬಿ, ಕ್ರಿಸ್‌ಮಸ್ಸಿಗೆ ಮುಟ್ಟುವಂತೆ ಸಮುದ್ರದ ಮೇಲೆ ಮನೆಗೆ ಕಳಿಸುತ್ತಾರೆ. ತಾಯಿ ಅದನ್ನು ಬೀದಿಯವರನ್ನೆಲ್ಲ ಕರೆದು ಅವರೆದುರಿಗೆ ಒಡೆಯುತ್ತಾಳೆ. ಸೋಪು ಮೂಸಿ ನೋಡುತ್ತಾರೆ, ಶರಟು ಅಣ್ಣಂದಿರು ಹಂಚಿಕೊಳ್ಳುತ್ತಾರೆ. ಪೆಟ್ಟಿಗೆ ಬಾರದಿದ್ದರೆ ಬೀದಿಯವರು ಕೇಳುತ್ತಾರೆ, ನಿನ್ನ ಮಗಳಿಗೆ ಅಲ್ಲಿ ಸುಖ ಇಲ್ಲವೇನು, ಗಂಡನ ಮನೆಯವರು ಸರಿಯಿಲ್ಲವೇನು ಎಂದು. ಕಾರ್ಗೋದವನಿಗೆ ಕಳಿಸುವವರ ಪಾಸ್‌ಪೋರ್ಟಿನ ನಕಲು ಬೇಕಂತೆ, ಅದಕ್ಕಾಗಿ ಹುಡುಕಿದೆ ಎಂದಳು. ಸೋಪು ಟವೆಲ್ಲು ತೆಗೆದುಕೊಂಡದ್ದು, ‘ಇದೆಲ್ಲಾ ನಿಂದೇ’ ಎಂದು ನೀವೇ ಹೇಳಿದ್ದಿರಿ ಎಂದು.

“ಸೀರೆ?”

“ನನ್ನ ಅಮ್ಮ ಶಾದಿಗೆ ಬರಲಿಲ್ಲ. ವೀಸಾ ಸಿಕ್ಕಲಿಲ್ಲ. ಫೋಟೋ ನೋಡಿದಾಳೆ. ಫೋಟೋ ಮುಟ್ಟೋಕೆ ಆಗಲ್ಲ ಅಲ್ವಾ?” ತಾಯಿ ಅದನ್ನು ಮುಟ್ಟಿ ನೋಡಿ, ರಜೆಗೆ ಊರಿಗೆ ಬರುವ ಅಣ್ಣನ ಕೈಯಲ್ಲಿ ಹಡಗಿಗೆ ಕೊಟ್ಟು ಕಳಿಸಿದರೆ ತುಷಾರ್ ಜೊತೆ ವಾಪಸ್ಸು ಬರುತ್ತದೆ ಎಂದು ರೊವೇನಾಳ ಏರ್ಪಾಟು.

ಅವಳು ಎದ್ದು ಕೈ ತೊಳೆದು ಕೋಣೆಗೆ ಹೋದಳು. ಪೆಟ್ಟಿಗೆಯನ್ನು ತಳದವರೆಗೆ ಬರಿದು ಮಾಡಿ, ಪಂಚೆಯ ಗಂಟನ್ನು ತಂದು ಶಾಮಲಾಳ ಮಡಿಲಲ್ಲಿ ಇಟ್ಟಳು.

“ಇದು ನೀವು ಇಟ್ಕೊಳ್ಳಿ. ಪಾಸ್‌ಪೋರ್ಟ್ ನಾನು ಇಟ್ಕೋತೀನಿ.”

ಕೋಣೆಯ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಆ ಮನೆಯಲ್ಲಿ ಶಾಮಲಾ ಹೊಸದಾಗಿ ಕೇಳಿದ ಸದ್ದು.

ಗುರುವಾರವೆಲ್ಲ ಅವಳು ಆ ಗಂಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಣೆಯಿಂದ ಕೋಣೆಗೆ ಒಯ್ದಳು. ಹುಡುಗಿ ಹೇಳಿದ್ದನ್ನು ತಿರುಗಿಸಿ ಮಗುಚಿ ನೋಡಿದಳು. ಎಲ್ಲೋ ಒಂದು ಹುಳುಕು ಸಿಕ್ಕಿದ್ದರೆ ತನ್ನ ತಪ್ಪು ಅಷ್ಟು ಕಡಿಮೆಯಾಗುತ್ತಿತ್ತು, ಸಿಗಲಿಲ್ಲ. ಸೀರೆ ಬಿಚ್ಚಿದಾಗ ಮದುವೆ ಕಣ್ಣಿಗೆ ಕಟ್ಟಿತು. ಹುಡುಗಿಯ ಕಡೆಯಿಂದ ಬಂದಿದ್ದವನು ಅಣ್ಣ ಒಬ್ಬನೇ. ಧಾರೆ ಎರೆಯಲು ದಂಪತಿಗಳು ಬೇಕಲ್ಲ ಎಂದು ಶಾಮಲಾಳ ಅಣ್ಣ ಮತ್ತು ಅತ್ತಿಗೆ ಹೆಣ್ಣಿನ ತಂದೆತಾಯಿಯ ಜಾಗದಲ್ಲಿ ಕೂತರು. ಬೀಗಿತ್ತಿಯ ಉಡುಗೊರೆಯೆಂದು ತಂದಿದ್ದ ಸೀರೆಯನ್ನು ಶಾಸ್ತ್ರಕ್ಕೆ ಸರಿಯಾಗಿ ಅತ್ತಿಗೆಯ ಮಡಿಲಿಗೆ ಹಾಕಿ, ಕುಂಕುಮವಿಟ್ಟು, ಎಲೆ ಅಡಿಕೆ ಕೊಟ್ಟಿದ್ದಳು. ಅತ್ತಿಗೆ ಅದನ್ನು ಆಗಲೇ ಎರಡು ಮದುವೆಗೆ ಉಟ್ಟಿದ್ದರು. ಎಲ್ಲೂ ಲೋಪವಾಗಲಿಲ್ಲವೆಂದು ಎಲ್ಲರೂ ಹೊಗಳಿದ್ದರು. ಹೆತ್ತವಳೊಬ್ಬಳು ಇದ್ದಾಳೆಂದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಹೆಣ್ಣು ಕೊಟ್ಟ ಆಕೆಗೆ ಈ ಮನೆಯಿಂದ ಒಂದು ಎಲೆ ಅಡಿಕೆಯೂ ಮುಟ್ಟಿರಲಿಲ್ಲ. ತವರಿಗೆ ಸಾಗಿಸುತ್ತಾಳೆಂದು ಹುಡುಗಿಯ ಪೆಟ್ಟಿಗೆ ಕೆದಕಿದವಳು ತಾನು.

ಶುಕ್ರವಾರ ಬೆಳಿಗ್ಗೆ ಕಾರ್ಗೋದವನು ತಕ್ಕಡಿ ಹಿಡಿದು ಬಂದಾಗ ರೊವೇನಾ ಪೆಟ್ಟಿಗೆಯ ಬಾಯಿಗೆ ಟೇಪು ಎಳೆಯುತ್ತಿದ್ದಳು. ಸ್ವಲ್ಪ ನಿಲ್ಲು ಎಂದಳು ಶಾಮಲಾ. ಅವಳ ಕೈಯಲ್ಲಿ ಧಾರೆ ಸೀರೆಯಿತ್ತು, ಅದರ ಮೇಲೆ ದಸರೆಗೆಂದು ತನಗೆ ಕೊಂಡಿದ್ದ ಗಿಳಿಹಸಿರಿನ ಹೊಸ ಸೀರೆ, ರವಿಕೆ ಕಣ, ಒಂದು ಪೊಟ್ಟಣ ಕುಂಕುಮ. ಪುಡಿ ಏನೂ ಹಾಕುವಂತಿಲ್ಲ, ಅಲ್ಲಿ ಕಸ್ಟಮ್ಸಿನವರು ಪೆಟ್ಟಿಗೆಯನ್ನೇ ತಡೆಯುತ್ತಾರೆ ಎಂದು ಕಾರ್ಗೋದವನು ಪೊಟ್ಟಣ ತೆಗೆದು ಬದಿಗಿಟ್ಟ. ಕುಂಕುಮವಿಲ್ಲದೆ ಸೀರೆ ಕೊಡುವುದು ಹೇಗಪ್ಪಾ ಎಂದು ಶಾಮಲಾ ತನ್ನ ಮುಂಬಯಿ ಹಿಂದಿಯಲ್ಲಿ ವಾದಿಸಿ ಸೋತಳು. ಕೊನೆಗೆ ಪೊಟ್ಟಣ ಒಡೆದು, ಬೆರಳು ಒದ್ದೆ ಮಾಡಿ, ಹಸಿರು ಸೀರೆಯ ಒಂದು ಮೂಲೆಗೆ ಕುಂಕುಮ ಹಚ್ಚಿದಳು. ಆ ಚುಕ್ಕೆಯನ್ನು ಯಾವ ಕಸ್ಟಮ್ಸಿನವನು ತಡೆಯುತ್ತಾನೋ ನೋಡೋಣ ಎನ್ನುವ ಹಾಗೆ ಅವನತ್ತ ನೋಡಿದಳು.

ಈ ಹಸಿರು ಸೀರೆ ಯಾರಿಗೆ ಎಂದು ರೊವೇನಾ ಕೇಳಿದಳು.

“ನಿಮ್ಮಮ್ಮಂಗೆ. ಮದುವೇಲೇ ಕೊಡಬೇಕಿತ್ತು, ಕೊಡಲಿಲ್ಲ. ನಮ್ಮದು ತಪ್ಪಾಯ್ತು ಅಂತ ಹೇಳು.”

ರೊವೇನಾ ನಗಲಿಲ್ಲ, ಥ್ಯಾಂಕ್ಸ್ ಎನ್ನಲೂ ಇಲ್ಲ. ಎರಡು ಜೊತೆ ಬೂಟು, ಒಂದು ಡಬ್ಬಿ ಹೊರಗೆ ತೆಗೆದು, ಸೀರೆಗಳನ್ನು ಮೇಲೆ ಮಲಗಿಸಿ, ಸಂದಿಗಳಲ್ಲಿ ಬೂಟನ್ನು ಬೇರೆ ರೀತಿ ಕೂರಿಸಿ ಬಾಯಿ ಮುಚ್ಚಿದಳು. ಟೇಪಿನ ಇನ್ನೊಂದು ತುದಿ ಹಿಡಿಯಲು ಅತ್ತೆಗೆ ಹೇಳಿದಳು. ಶಾಮಲಾ ಹಿಡಿದಳು.

ಪೆಟ್ಟಿಗೆ ಲಿಫ್ಟಿನಲ್ಲಿ ಇಳಿದು ಹೋಯಿತು. ರೊವೇನಾ ಮುಖ ತೊಳೆದು, ಸೊಪ್ಪು ತರುತ್ತೇನೆ ಎಂದು ಹೊರಟಳು. ಹೆಗಲಿಗೆ ಅಡ್ಡಲಾಗಿ ಒಂದು ಚಿಕ್ಕ ಬ್ಯಾಗು ಹಾಕಿಕೊಂಡಿದ್ದಳು. ನಿನ್ನೆ ಹಾಲು ತರಲು ಕೆಳಗಿಳಿದಾಗಲೂ ಅದು ಅವಳ ಮೈಮೇಲೆ ಇತ್ತು. ಒಳಗೆ ಏನಿದೆಯೆಂದು ಶಾಮಲಾಳಿಗೆ ಗೊತ್ತಿತ್ತು, ಕೇಳುವ ಹಕ್ಕು ಈಗ ಉಳಿದಿರಲಿಲ್ಲ.

ಬಾಗಿಲ ಹತ್ತಿರ ಗಂಗುಬಾಯಿ ಬಂದು ನಿಂತಿದ್ದಳು. “ಹೋತೇನ್ರಿ?”

“ಪೆಟ್ಟಿಗೆ ಹೋಯ್ತು.”

“ಸೊಸಿ?”

“ಸೊಪ್ಪು ತರೋಕೆ ಹೋಗಿದ್ದಾಳೆ.”

“ಬ್ಯಾಗ್ ಹಾಕ್ಕೊಂಡು ಹೋದ್ಲು, ನೋಡೀನಿ,” ಎಂದಳು ಗಂಗುಬಾಯಿ. “ಬರತಾಳಂತೇನು?”

ಶಾಮಲಾ ಒಳಗೆ ಹೋಗಿ ಇಬ್ಬರಿಗಾಗುವಷ್ಟು ಅಕ್ಕಿ ಅಳೆದು ತೊಳೆದು ಕುಕ್ಕರಿಗೆ ಇಟ್ಟಳು. ಒಲೆ ಹಚ್ಚಿ, ಬಾಗಿಲನ್ನು ಹಾಗೇ ತೆರೆದಿಟ್ಟು, ಲಿಫ್ಟಿನ ಕಡೆ ಕಿವಿ ಕೊಟ್ಟು ಕೂತಳು.